ಒಲೆ ಹಚ್ಚದ ದಿನದ ಕಾಗದಗಳು

ತ್ರಿಪ್ಲಿಕೇನ್, ಮದ್ರಾಸ್
ಬಹುಧಾನ್ಯ ಸಂವತ್ಸರ, ಆಷಾಢ ಶುದ್ಧ ಏಕಾದಶಿ

ಸುಮೀ,

ನಾನೂ ನಿಮ್ಮ ಭಾವನವರೂ ಚೆನ್ನಾಗಿದೀವಿ ಅಂತ ಮೊದಲೇ ಬರೆದುಬಿಡ್ತೀನಿ. ಆಮೇಲೆ ಮರೆತರೆ ಅದಕ್ಕೊಂದು ತಗಾದೆ ತೆಗೀತೀಯ.

ಇವತ್ತು ಏಕಾದಶಿ. ಒಲೆ ಹಚ್ಚೋ ಹಾಗಿಲ್ಲ, ಹೆಚ್ಚೋದಿಲ್ಲ, ತೊಳೆಯೋದಿಲ್ಲ, ಕೈ ಸುಮ್ಮನಿರಲ್ಲ. ಅಮ್ಮ ಅದಕ್ಕೇ ಅಲ್ಲವೇನೆ ಸಾಯೋ ಮುಂಚೆ ನಮ್ಮಿಬ್ಬರ ಕೈಲೂ ಮಾತು ತಗೊಂಡದ್ದು? “ಒಬ್ಬರ ಮನೆ ಹೊಸಿಲು ಒಬ್ಬರು ತುಳಿಯದಿದ್ದರೆ ಕತ್ತೆ ಬಾಲ, ಒಲೆ ಹಚ್ಚದ ದಿನ ಒಂದು ಕಾಗದ ಬರೀರಿ” ಅಂತ. ತ್ರಿಪ್ಲಿಕೇನಿನಿಂದ ನಿಮ್ಮ ಬೆಸೆಂಟ್ ನಗರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಐದು ವರ್ಷದಿಂದ ಅಕ್ಕತಂಗೀರು ಪೋಸ್ಟ್‌ಮ್ಯಾನ್ ಕಾಲಿನಲ್ಲಿ ಓಡಾಡ್ತಿದೀವಿ.

ಈ ವರ್ಷ ಸ್ವಾಮಿಗಳ ಚಾತುರ್ಮಾಸ್ಯ ನಮ್ಮ ಬೀದಿ ಮಠದಲ್ಲೇ. ನಿಮ್ಮ ಭಾವನವರು ರಿಟೈರ್ ಆದಾಗಿನಿಂದ ಮಾಡೋಕೆ ಕೆಲಸ ಇಲ್ಲದೆ ಗೋಡೆ ಗಡಿಯಾರ ಬಿಚ್ಚೋದು, ಕೂಡಿಸೋದು, ಮತ್ತೆ ಬಿಚ್ಚೋದು ಮಾಡ್ತಿದ್ದರು. ಈಗ ಬೆಳಗಾದರೆ ಮಠ. ಗಂಧ ತೇಯೋದು, ಎಲೆ ಹಾಕೋದು. ಊಟವೂ ಅಲ್ಲೇ, ಸಾಯಂಕಾಲದ ಫಲಾಹಾರವೂ ಅಲ್ಲೇ. ನಮ್ಮನೆ ಒಲೆ ಇನ್ನು ನನ್ನೊಬ್ಬಳಿಗೆ ಉರೀಬೇಕು. ನನ್ನೊಬ್ಬಳಿಗೆ ಅದೇನು ಮಹಾ ಅಡಿಗೆ! ಅದೂ ಈಗ ಶಾಕವ್ರತ, ಒಂದು ತಿಂಗಳು ತರಕಾರಿ ಇಲ್ಲ, ಹುಣಸೆಹಣ್ಣಿಲ್ಲ, ಮೆಣಸಿನಕಾಯಿ ಇಲ್ಲ. ಕೋಯಂಬೇಡಿನಿಂದ ಮಠಕ್ಕೆ ತರಕಾರಿ ಹಾಕೋ ವ್ಯಾನಿನವನು ಮುಖ ಸಪ್ಪೆ ಮಾಡಿಕೊಂಡು ಹೋದನಂತೆ, ಇವರು ನಗ್ತಿದ್ದರು.

ಇನ್ನೊಂದು ತಮಾಷೆ. ತಿನ್ನೋದು ಹಕ್ಕಿಯಷ್ಟು, ಹೊಟ್ಟೆ ಮಾತ್ರ ದಪ್ಪ. ಸೀರೆ ನೆರಿಗೆಗೆ ಸಾಲ್ತಿಲ್ಲ. ಮಠದ ಎದುರುಮನೆ ನಾಗರತ್ನಮ್ಮ ಇದ್ದಾಳಲ್ಲ, “ಏನ್ರೀ ಕೌಸಲ್ಯಾಬಾಯಿ, ಐವತ್ತೆರಡಕ್ಕೆ ವಿಶೇಷವೇ?” ಅಂತ ಎಲ್ಲರೆದುರಿಗೂ ಕೇಳಿದಳು. ವಾಯು, ಇನ್ನೇನು. ಓಮದ ಕಷಾಯ ಕುಡೀತಿದೀನಿ.

ನಿನ್ನ ಗಂಡ ದಿನೇಶನಿಗೂ ಮಗಳು ಬೃಂದಾಗೂ ಕೇಳಿದೆ ಅಂತ ಹೇಳು. ಆ ಹುಡುಗಿ ಕನ್ನಡದಲ್ಲಿ ಮಾತಾಡ್ತಾಳೋ, ಇನ್ನೂ ಎಲ್ಲಕ್ಕೂ “ಸರಿ ಮಾ” ಅಂತಲೇ ಇದ್ದಾಳೋ?

ಅಕ್ಕ,
ಕೌಸಲ್ಯಾ


ಬೆಸೆಂಟ್ ನಗರ, ಚೆನ್ನೈ
11-7-1998

ಅಕ್ಕಾ,

ಊರಿನ ಹೆಸರು ಬದಲಾಗಿ ಎರಡು ವರ್ಷ ಆಯ್ತು, ನೀನಿನ್ನೂ ಮದ್ರಾಸ್ ಅಂತ ಬರೀತಿದೀಯ. ಕಾಗದ ಬಂತು, ಆ ಪುಣ್ಯಾತ್ಮ ಪೋಸ್ಟ್‌ಮ್ಯಾನ್‌ಗೆ ನಿನ್ನ ಹಟ ಗೊತ್ತು.

ತಿನ್ನದೇ ದಪ್ಪ ಆಗೋ ಹೊಟ್ಟೆ ತಮಾಷೆ ಅಲ್ಲ. ನಾನು ಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಡೋಳು, ಡಾಕ್ಟರಲ್ಲ. ಆದರೆ ಇಂಥ ಹೊಟ್ಟೆ ನಾವಿಬ್ಬರೂ ಒಂದು ಸಲ ನೋಡಿದೀವಿ. ಅಪ್ಪನ ಹೊಟ್ಟೆ. ಎಡಗಡೆ ಪಕ್ಕೆಲುಬಿನ ಕೆಳಗೆ ಕಲ್ಲಿನ ಹಾಗೆ ಗುಲ್ಮ, ಹಳದಿ ಕಣ್ಣು. ನೀನು ಚಿಕ್ಕಂದಿನಲ್ಲಿ ಜ್ವರ ಬಂದಾಗೆಲ್ಲ ಕಣ್ಣು ಹಳದಿ ಮಾಡಿಕೊಳ್ತಿದ್ದೆ, “ಕೌಸಲ್ಯಂದು ಅಪ್ಪನ ಕಣ್ಣು” ಅಂತ ಅಮ್ಮ ಹೆಮ್ಮೆಯಿಂದ ಹೇಳ್ತಿದ್ದಳು. ಒಂದು ಸಲ ಹೊಟ್ಟೆ ಮುಟ್ಟಿ ನೋಡಿಸಿಕೋ. ಇಷ್ಟೇ ನಾನು ಕೇಳೋದು.

ನಾನೇ ಬಂದು ಕರಕೊಂಡು ಹೋಗ್ತಿದ್ದೆ. ಆದರೆ ಅಪ್ಪನ ಹದಿಮೂರನೇ ದಿನ, ನಿನ್ನ ಮನೆಯಲ್ಲಿ ಊಟಕ್ಕೆ ಕೂತ ಎಲ್ಲರ ಮುಂದೆ ನೀನು ಹೇಳಿದೆಯಲ್ಲ, “ಅಪ್ಪನ್ನ ಕೊಯ್ಯಿಸಿ ಕೊಂದವಳು ನನ್ನ ಹೊಸಿಲು ತುಳೀಬಾರದು” ಅಂತ. ನೀನಾಗಿ ಒಳಗೆ ಬಾ ಅನ್ನೋ ತನಕ ತುಳಿಯಲ್ಲ ಅಂತ ನಾನೂ ಹೇಳಿದೆ. ಆರು ವರ್ಷ ಆಯ್ತು. ನಿನಗೂ ಹಟ, ನನಗೂ ಹಟ, ಒಂದೇ ಹೊಟ್ಟೇಲಿ ಹುಟ್ಟಿದವರು.

ಬೃಂದಾ ಕನ್ನಡ ಮಾತಾಡ್ತಾಳೆ, ಬೈಯೋವಾಗ ಮಾತ್ರ.

ಸುಮೇಧಾ


ತ್ರಿಪ್ಲಿಕೇನ್, ಮದ್ರಾಸ್
ಶ್ರಾವಣ ಶುದ್ಧ ಏಕಾದಶಿ

ಸುಮೀ,

ಚೆನ್ನಾಗಿದೀನಿ, ಚೆನ್ನಾಗಿದೀನಿ, ಚೆನ್ನಾಗಿದೀನಿ. ಮೂರು ಸಲ ಬರೆದಿದೀನಿ, ಸಾಕೋ?

ಡಾಕ್ಟರ ಹತ್ತಿರ ಹೋಗೋ ಕಾಯಿಲೆ ಏನೂ ಇಲ್ಲ ನನಗೆ. ನಿನಗೆ ಎಲ್ಲಾದರೂ ಒಂದು ಹೊಟ್ಟೆ ಕಂಡರೆ ಸಾಕು, ಆಸ್ಪತ್ರೆ ನೆನಪಾಗುತ್ತೆ.

ಶಾಕವ್ರತ ಮುಗೀತು, ಈಗ ದಧಿವ್ರತ, ಮೊಸರಿಲ್ಲ. ಇದೆಲ್ಲ ಎಲ್ಲರೂ ಮಾಡೋದೇ. ನಾನು ಈ ಸಲ ಜೊತೆಗೆ ಧಾರಣೆ ಪಾರಣೆ ಹಿಡಿದಿದೀನಿ. ಬರೋ ಹುಣ್ಣಿಮೆಯಿಂದ ಒಂದು ತಿಂಗಳು, ಒಂದು ದಿನ ಪೂರ್ತಿ ಉಪವಾಸ, ಒಂದು ದಿನ ಊಟ. ನಾಗರತ್ನಮ್ಮ ಕೇಳಿದ್ದೇ ತಡ, ಮಠದ ಮೆಟ್ಟಿಲ ಮೇಲೆ ಬಗ್ಗಿ ನನ್ನ ಕಾಲು ಮುಟ್ಟಿಬಿಟ್ಟಳು. ನನಗಿಂತ ಎಂಟು ವರ್ಷ ದೊಡ್ಡೋಳು! ಸ್ವಾಮಿಗಳ ತನಕ ಸುದ್ದಿ ಹೋಯ್ತು. ಇವರಿಗಂತೂ ಎದೆ ಇಷ್ಟಗಲ. “ರಾಮದಾಸಾಚಾರ್, ನಿಮ್ಮನೆಯವರದು ದೊಡ್ಡ ತಪಸ್ಸು” ಅಂತ ಯಾರೋ ಅಂದರಂತೆ. ಮನೆಗೆ ಬಂದು ನಾಲ್ಕು ಸಲ ಹೇಳಿದರು. ಮದುವೆ ಆಗಿ ಮೂವತ್ತು ವರ್ಷದಲ್ಲಿ ನನ್ನ ವಿಷಯ ನನಗೇ ನಾಲ್ಕು ಸಲ ಹೇಳಿದ್ದು ಇದೇ ಮೊದಲು.

ಹೆಚ್ಚು ಬರೆಯೋಕೆ ಆಗಲ್ಲ, ಕೂತರೆ ಪಕ್ಕೆ ಒತ್ತುತ್ತೆ. ನಿಂತರೆ ಸರಿಹೋಗುತ್ತೆ. ನಿಂತು ಬರೆಯೋದು ಹೇಗೆ?

ಅಕ್ಕ


ತ್ರಿಪ್ಲಿಕೇನ್
ಶ್ರಾವಣ ಬಹುಳ ಚೌತಿ

ಸುಮೀ,

ಇದು ಏಕಾದಶಿ ಅಲ್ಲ ಅಂತ ನನಗೂ ಗೊತ್ತು. ಧಾರಣೆ ದಿನ, ಹೊತ್ತು ಹೋಗ್ತಿಲ್ಲ, ಅದಕ್ಕೆ ಬರೀತಿದೀನಿ.

ಮನೆಯಲ್ಲಿ ಕೂರೋಕೆ ಆಗ್ತಿಲ್ಲ. ಅಡಿಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡಿಗೆಮನೆಗೆ, ಬೆಳಗ್ಗಿನಿಂದ ಎಷ್ಟು ಸಲ ಓಡಾಡಿದೀನೋ. ಕೆಳಗಡೆ ಮನೆ ಭೀಮಾಬಾಯಿ ಕೂಗಿ ಕೇಳಿದಳು, “ಏನು ಕಳಕೊಂಡಿರಿ, ಮೇಲೆ ಅಷ್ಟು ಹುಡುಕ್ತಿದೀರಿ?” ಅಂತ.

ನಿನಗೆ ನೆನಪಿದೆಯೇನೆ, ಅಪ್ಪ ಹೀಗೇ ಓಡಾಡ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು. ಜಪ ಮಾಡ್ತಿದ್ದಾರೆ ಅಂತ ನಾವು ಸದ್ದು ಮಾಡದೆ ಇರ್ತಿದ್ದೆವು.

ಬೇರೇನಿಲ್ಲ.

ಕೌಸಲ್ಯಾ


ತ್ರಿಪ್ಲಿಕೇನ್
ಶ್ರಾವಣ ಬಹುಳ ಪಂಚಮಿ

ಸುಮೀ,

ನಿನ್ನೆಯದು ಇನ್ನೂ ಡಬ್ಬಿಗೆ ಹಾಕಿಲ್ಲ, ಮೆಟ್ಟಿಲು ಇಳಿಯೋಕೆ ಬೇಜಾರು. ಇವತ್ತಿಂದು ಬರೆದು ಎರಡೂ ಇವರ ಕೈಲಿ ಕೊಟ್ಟು ಕಳಿಸ್ತೀನಿ. ಇವರು ಓದಲ್ಲ, ಪಾಪ, ಅಂಥ ಬುದ್ಧಿ ಇಲ್ಲ.

ಹತ್ತೂವರೆ. ಬೀದಿಯಲ್ಲಿ ಎಲ್ಲರ ಮನೆ ಕುಕ್ಕರೂ ಕೂಗ್ತಿದೆ. ಕೆಳಗಡೆ ಇಂಗಿನ ಒಗ್ಗರಣೆ, ಎದುರುಗಡೆ ಹಪ್ಪಳ ಕರೀತಿದ್ದಾರೆ. ವಾಸನೆ ಬಂದರೆ ಆಗ್ತಿಲ್ಲ ನನಗೆ, ಕಿಟಕಿ ಹಾಕಿಕೊಂಡು ಕೂತಿದೀನಿ. ಸೆಖೆ. ಹಿಂದೆ ಇಂಥ ವಾಸನೆಗೆ ನೀನೂ ನಾನೂ ಸ್ಕೂಲಿನಿಂದ ಓಡಿ ಬರ್ತಿದ್ದೆವು. ಬದನೆಕಾಯಿ ಹುಳಿ ಮಾಡಿದ ದಿನ ನೀನು ಅನ್ನ ಕಲೆಸೋಕೆ ಮುಂಚೆ ಹೋಳೆಲ್ಲ ಆರಿಸಿ ತಿಂದುಬಿಡ್ತಿದ್ದೆ, ನನ್ನ ತಟ್ಟೆಯದೂ ಸೇರಿಸಿ. ನಾನು ಅಳ್ತಿದ್ದೆ. ಅಪ್ಪ ತಮ್ಮ ತಟ್ಟೆಯಿಂದ ತೆಗೆದು ನನಗೆ ಹಾಕ್ತಿದ್ದರು.

ಆಮೇಲೆ ಅವರು ಎಲ್ಲವನ್ನೂ ಹಾಗೇ ತೆಗೆದು ಹಾಕೋಕೆ ಶುರು ಮಾಡಿದರು. ತಟ್ಟೆಯಲ್ಲಿ ಇದ್ದದ್ದೆಲ್ಲ. ಅದು ಬೇರೆ ವಿಷಯ, ಬಿಡು.

ನಿನ್ನ ಹತ್ತಿರ ಒಂದು ಮಾತು ಹೇಳಬೇಕು ಅಂತ ಐದು ವರ್ಷದಿಂದ ಪೆನ್ನು ತಗೊಳ್ತೀನಿ, ಕುಕ್ಕರು, ಹಪ್ಪಳ ಅಂತ ಬರೆದು ಮುಗಿಸ್ತೀನಿ. ಇವತ್ತೂ ಹಾಗೇ ಆಯ್ತು.

ಅಕ್ಕ


ಬೆಸೆಂಟ್ ನಗರ
17-8-1998

ಅಕ್ಕಾ,

ಎರಡು ಕಾಗದವೂ ಒಟ್ಟಿಗೆ ಬಂತು. ಓದಿದೆ, ಆಮೇಲೆ ಅಮ್ಮನ ಹಾಗೆ ನಾನೂ ಗೋಡೆಗೆ ನೇತುಹಾಕಿರೋ ಪಂಚಾಂಗ ತೆಗೆದೆ. ನನ್ನ ಮನೆಯಲ್ಲೂ ಪಂಚಾಂಗ ಇದೆ, ನಗಬೇಡ.

ಧಾರಣೆ ಪಾರಣೆ ಅಂದರೆ ಒಂದು ದಿನ ಉಪವಾಸ, ಒಂದು ದಿನ ಊಟ. ಚೌತಿ ದಿನ ಉಪವಾಸ ಅಂತ ನೀನೇ ಬರೆದಿದೀಯ. ಹಾಗಾದರೆ ಪಂಚಮಿ ಊಟದ ದಿನ. ಹಿಂದಿನ ದಿನ ಪೂರ್ತಿ ಉಪವಾಸ ಇದ್ದವಳು ಊಟದ ದಿನ ಬೆಳಗ್ಗೆ ಹತ್ತೂವರೆಗೆ ಏನು ಮಾಡಬೇಕು? ಮಡಿಯಲ್ಲಿ ಒಲೆ ಮುಂದೆ ನಿಂತಿರಬೇಕು. ನೀನು ಕಿಟಕಿ ಹಾಕಿಕೊಂಡು ನನಗೆ ಎರಡು ಪುಟ ಕಾಗದ ಬರೀತಿದ್ದೆ. ಬೀದಿಯ ಎಲ್ಲರ ಮನೆ ಕುಕ್ಕರ್ ಕೂಗ್ತಿತ್ತು ಅಂತ ಬರೆದೆ, ನಿನ್ನ ಮನೆಯದು ಎಲ್ಲಿ ಕೂಗ್ತು?

ಒಲೆ ಹಚ್ಚದ ದಿನ ಮಾತ್ರ ನೀನು ಕಾಗದ ಬರೆಯೋಳು. ಐದು ವರ್ಷದ ಕಾಗದ ನನ್ನ ಹತ್ತಿರ ಇದೆ, ಒಂದೂ ಬೇರೆ ದಿನದ್ದಲ್ಲ. ಈಗ ಎರಡು ದಿನಕ್ಕೆ ಎರಡು ಕಾಗದ. ನೀನು ವ್ರತ ಮಾಡ್ತಿಲ್ಲ ಅಕ್ಕಾ. ನಿನಗೆ ಊಟ ಸೇರ್ತಿಲ್ಲ. ಸೇರದೇ ಇರೋದಕ್ಕೆ ವ್ರತ ಅಂತ ಹೆಸರಿಟ್ಟಿದೀಯ, ಊರೆಲ್ಲ ಬಂದು ನಿನ್ನ ಕಾಲಿಗೆ ಬೀಳ್ತಿದೆ. ಭಾವ ಬೇರೆ ಎದೆ ಉಬ್ಬಿಸಿಕೊಂಡು ಗಂಧ ತೇಯ್ತಿದ್ದಾರೆ. ನನಗೆ ಎಷ್ಟು ಕೋಪ ಬರ್ತಿದೆ ಅಂದರೆ ಪೆನ್ನು ಒತ್ತಿ ಒತ್ತಿ ಕಾಗದ ಹರಿದಿದೆ, ನೋಡು.

ಎದ್ದು ಹೋಗಿ ಕನ್ನಡಿಯಲ್ಲಿ ಕಣ್ಣು ನೋಡಿಕೋ. ಹಳದಿ ಇದೆಯೋ ಇಲ್ಲವೋ ಬರಿ. ವಾಂತಿ ಆಗ್ತಿದೆಯೇ? ಹೊಟ್ಟೆ ನುಲೀತಿದೆಯೇ? ನೆಟ್ಟಗೆ ಉತ್ತರ ಬರಿ. ಇಲ್ಲದಿದ್ದರೆ ನಾನೇ ಬಂದು ನಿನ್ನ ಮನೆ ಮುಂದೆ ಬೀದಿಯಲ್ಲಿ ನಿಂತು, ನಾಗರತ್ನಮ್ಮನಿಗೆ ಕೇಳೋ ಹಾಗೆ ಕೂಗಿ ಹೇಳ್ತೀನಿ.

ಸುಮೇಧಾ


ತ್ರಿಪ್ಲಿಕೇನ್
ಶ್ರಾವಣ ಬಹುಳ ಏಕಾದಶಿ

ಸುಮೇಧಾ,

ಪಂಚಾಂಗ ಹಿಡಕೊಂಡು ಪೋಲೀಸ್ ಕೆಲಸ ಶುರು ಮಾಡಿದೀಯೋ? ಚೆನ್ನಾಗಿದೆ. ಇವತ್ತು ಏಕಾದಶಿ, ಹಾಗಾದರೆ ಈ ಕಾಗದಕ್ಕಾದರೂ ಅಪ್ಪಣೆ ಇದೆ ತಾನೆ?

ಕನ್ನಡಿ ನೋಡಿಕೊಂಡೆ. ಐವತ್ತೆರಡು ವರ್ಷದ ಹೆಂಗಸು ಕಂಡಳು. ಕಣ್ಣು ಯಾವಾಗಲೂ ಇರೋ ಹಾಗೇ ಇದೆ. ವಾಂತಿ ಒಂದೆರಡು ಸಲ ಆಯ್ತು, ಪಿತ್ತ. ನಿಂಬೆಹಣ್ಣು ಮೂಸಿದರೆ ನಿಲ್ಲುತ್ತೆ. ನಾಲ್ಕು ದಿನದಿಂದ ಹೊರಕಡೆಗೆ ಹೋಗಿಲ್ಲ, ಸರಿ. ತಿಂದರೆ ತಾನೆ ಹೋಗೋಕೆ? ಇದರಲ್ಲಿ ಕೆಮಿಸ್ಟ್ರಿ ಏನಿದೆ?

ತಾಳು, ಬಂದೆ.

ಬಂದೆ. ಅರ್ಧ ಗಂಟೆ ಆಯ್ತು. ಅಲೆ ಅಲೆಯಾಗಿ ಬರುತ್ತೆ, ಬಂದಾಗ ಗೋಡೆ ಹಿಡಕೊಂಡು ನಿಂತರೆ ಹೋಗುತ್ತೆ. ಇವರು ಮಠದಲ್ಲಿದ್ದಾರೆ, ಒಳ್ಳೆಯದೇ ಆಯ್ತು.

ನನಗೆ ಆಸ್ಪತ್ರೆ ಬೇಡ ಸುಮೀ. ನನಗೆ ಹೆದರಿಕೆ. ಇದಕ್ಕಿಂತ ನೆಟ್ಟಗೆ ಉತ್ತರ ಬರೆಯೋಕೆ ಬರಲ್ಲ. ಅಪ್ಪನ್ನ ಆ ಬಾಗಿಲೊಳಗೆ ತಳ್ಳಿಕೊಂಡು ಹೋದದ್ದು ನೋಡಿದೀನಿ, ಎರಡು ದಿನ ಬಿಟ್ಟು ಬಟ್ಟೆ ಸುತ್ತಿ ಈಚೆಗೆ ತಂದದ್ದು ನೋಡಿದೀನಿ. ನನ್ನನ್ನ ಯಾರೂ ಕೊಯ್ಯೋದು ಬೇಡ. ಊಟ ಬಿಟ್ಟರೆ ಬಿಟ್ಟೆ. ಇದ್ದಷ್ಟು ದಿನ ಓಡಾಡಿಕೊಂಡು ಇರ್ತೀನಿ, ನಾಗರತ್ನಮ್ಮ ಕಾಲು ಮುಟ್ಟಿದರೆ ಮುಟ್ಟಲಿ.

ನೀನು ಬೀದಿಗೆ ಬಂದು ಕೂಗೋದೇನೂ ಬೇಡ. ನಾಳೆ ದ್ವಾದಶಿ, ಪಾರಣೆಗೆ ಅಗಸೆಸೊಪ್ಪು ಬಿಡಿಸಿಡಬೇಕು. ತಿನ್ನೋ ಹಾಗಿದ್ದರೆ ತಿಂತೀನಿ, ನಿನ್ನ ಆಣೆ.

ಕೌಸಲ್ಯಾ


ಆಸ್ಪತ್ರೆ, ಎರಡನೇ ಮಹಡಿ, ವಾರ್ಡಿನ ಹೊರಗಿನ ಬೆಂಚು
20-8-1998, ಗುರುವಾರ

ಅಕ್ಕಾ,

ನೀನು ಒಳಗೆ ಇದೀಯ, ನಾನು ಹೊರಗೆ. ಮಧ್ಯೆ ಒಂದು ಬಾಗಿಲು. ಇಷ್ಟು ಹತ್ತಿರದಿಂದ ನಿನಗೆ ಯಾವತ್ತೂ ಕಾಗದ ಬರೆದಿಲ್ಲ. ಎದುರಿಗೆ ನಿಂತರೆ ಇಬ್ಬರೂ ಜಗಳ ಆಡ್ತೀವಿ, ಮೂಗಿನಲ್ಲಿ ಟ್ಯೂಬ್ ಹಾಕಿಕೊಂಡು ನೀನು ಜಗಳ ಆಡೋದು ಬೇಡ. ಭಾವನ ಕೈಲಿ ಕಳಿಸ್ತೀನಿ.

ನಿನ್ನೆಯದು ನಿನಗೆ ಎಷ್ಟು ನೆನಪಿದೆಯೋ. ಎರಡು ತುತ್ತು ಪಾರಣೆ ಮಾಡಿದೆ, ಆಮೇಲೆ ಹಸಿರು ವಾಂತಿ, ನಿಲ್ಲಲೇ ಇಲ್ಲ. ಭಾವ ಬೂತಿನಿಂದ ಸ್ಕೂಲಿಗೆ ಫೋನ್ ಮಾಡಿದರು. ನಾನು ಆಟೋದಲ್ಲಿ ಬಂದೆ. ನಿನ್ನ ಮೆಟ್ಟಿಲ ಕೆಳಗೆ ನಿಂತು ಕೂಗಿದೆ, ಮೇಲೆ ಬರಲಿಲ್ಲ. ಭಾವನೂ ಭೀಮಾಬಾಯಿಯೂ ನಿನ್ನನ್ನ ಇಳಿಸಿಕೊಂಡು ಬಂದರು. ಅಂಥ ಹೊತ್ತಿನಲ್ಲೂ ನಾನು ಹೊಸಿಲು ಲೆಕ್ಕ ಹಾಕಿಕೊಂಡು ನಿಂತೆನಲ್ಲ ಅಂತ ನೆನೆಸಿಕೊಂಡರೆ ನಾಚಿಕೆ ಆಗ್ತಿದೆ. ಆದರೂ ನಿಂತೆ.

ಡಾಕ್ಟರಮ್ಮ ಹೇಳಿದ್ದು ಹೇಳ್ತೀನಿ. ಗುಲ್ಮ, ಅವರು ಸ್ಪ್ಲೀನ್ ಅಂತಾರೆ, ಪಕ್ಕೆಲುಬಿನ ಒಳಗೆ ಮುಷ್ಟಿಯಷ್ಟು ಇರಬೇಕಾದ್ದು ನಿನಗೆ ಹೊಕ್ಕಳು ದಾಟಿ ಕೆಳಗೆ ಬಂದಿದೆ. ಹೊಟ್ಟೆಯಲ್ಲಿ ಜಾಗ ಇಲ್ಲ, ಅದಕ್ಕೇ ಎರಡು ತುತ್ತಿಗೆ ಸಾಕಾಗ್ತಿದ್ದದ್ದು. ಅದು ಕರುಳಿಗೆ ಅಂಟಿಕೊಂಡು, ಕರುಳು ಅದರ ಕೆಳಗೆ ಮಡಿಚಿಕೊಂಡಿದೆ. ನೀರಿನ ಪೈಪ್ ಮಡಿಚಿದ ಹಾಗೆ. ಮೇಲಿನದು ಕೆಳಗೆ ಹೋಗ್ತಿಲ್ಲ. ಸ್ಪ್ಲೀನ್ ದೊಡ್ಡದಾಗೋದು ಬೇಕಾದಷ್ಟು ನೋಡಿದೀವಿ, ಅದರಿಂದ ಕರುಳು ಕಟ್ಟಿಕೊಳ್ಳೋದು ಅಪರೂಪ ಅಂತ ಅವರೇ ಆಶ್ಚರ್ಯಪಟ್ಟರು. ನಾನು ಹೇಳಿದೆ, ನಮ್ಮ ಮನೆಯಲ್ಲಿ ಇದು ಎರಡನೇದು.

ನಾಳೆ ಬೆಳಗಿನ ತನಕ ಟ್ಯೂಬು, ಡ್ರಿಪ್ಪು ಹಾಕಿ ನೋಡ್ತಾರಂತೆ. ಬಾಯಿಗೆ ಒಂದು ತೊಟ್ಟೂ ಕೊಡೋ ಹಾಗಿಲ್ಲ. ತಾನಾಗಿ ಬಿಡಲಿಲ್ಲ ಅಂದರೆ ಆಪರೇಷನ್, ಗುಲ್ಮ ತೆಗೆದು ಕರುಳು ಬಿಡಿಸಬೇಕು. ಕರುಳಿಗೆ ಇನ್ನೂ ಜೀವ ಇದೆ, ತಡ ಮಾಡಿದರೆ ಇರಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು.

ಒಪ್ಪಿಗೆ ಕಾಗದ ಭಾವನ ಕೈಲಿದೆ. ಅವರು ಅದನ್ನ ಹಿಡಕೊಂಡು ನನ್ನ ಹತ್ತಿರ ಬಂದು, “ನೀನೇ ಹಾಕಮ್ಮಾ, ನಿನಗೆ ಇದೆಲ್ಲ ಗೊತ್ತು” ಅಂತ ಅತ್ತುಬಿಟ್ಟರು. ನಾನು ಹಾಕಲ್ಲ. ಅಪ್ಪನಿಗೆ ಹಾಕಿದ ಒಂದು ಸಹಿ ಸಾಕು ಈ ಜನ್ಮಕ್ಕೆ. ಈಗಲೂ ಮಕ್ಕಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕೋವಾಗ ಒಂದು ಕ್ಷಣ ಕೈ ನಿಲ್ಲುತ್ತೆ ನನಗೆ. ನಿನಗೆ ಪ್ರಜ್ಞೆ ಇದೆ, ನೀನೇ ಹಾಕಬಹುದು ಅಂತ ಡಾಕ್ಟರಮ್ಮ ಹೇಳಿದರು. ಹಾಕು ಅಂತ ಕೇಳ್ಕೋತೀನಿ. ನೀನು ಸತ್ತರೆ ನಾನು ಯಾರಿಗೆ ಬರೀಲಿ?

ಬೆಂಚಿನ ಮೇಲೆ ಇದೀನಿ, ಎಲ್ಲೂ ಹೋಗಲ್ಲ.

ಸುಮಿ


ಆಸ್ಪತ್ರೆ
ಶುಕ್ರವಾರ. ತಿಥಿ ಗೊತ್ತಿಲ್ಲ.

ಸುಮೀ,

ಮಲಕ್ಕೊಂಡು ಬರೀತಿದೀನಿ, ಅಕ್ಷರ ಮೇಲೆ ಕೆಳಗೆ ಹೋಗುತ್ತೆ. ತಾನಾಗಿ ಬಿಡಲಿಲ್ಲ. ಒಂದು ಗಂಟೆಗೆ ಕರಕೊಂಡು ಹೋಗ್ತಾರಂತೆ. ನರ್ಸಮ್ಮ ಬಂದು ಹೊಟ್ಟೆ ಮುಟ್ಟಿ “ಮಣ್ಣೀರಲ್ ಎವ್ವಳವು ಪೆರಿಸು!” ಅಂತ ಇನ್ನೊಬ್ಬಳನ್ನ ಕರೆದು ತೋರಿಸಿದಳು. ಗುಲ್ಮ ಎಷ್ಟು ದೊಡ್ಡದು ಅಂತ. ಬೊಂಬೆ ಕೂರಿಸಿ ಜನ ಕರೆದ ಹಾಗೆ ಆಯ್ತು.

ಕುಕ್ಕರು, ಹಪ್ಪಳ ಬರೆಯೋಕೆ ಈಗ ಟೈಮಿಲ್ಲ. ಹೇಳಿಬಿಡ್ತೀನಿ.

ಅಪ್ಪನಿಗೆ ಊಟ ಸೇರದೆ ಇದ್ದದ್ದು ಎಂಟು ತಿಂಗಳು. ನನಗೆ ಗೊತ್ತಿತ್ತು. ಅಮ್ಮ ಬಡಿಸಿ ಆಚೆ ಹೋದ ಮೇಲೆ ಅವರ ತಟ್ಟೆಯಲ್ಲಿ ಇದ್ದದ್ದನ್ನ ನಾನೇ ಎತ್ತಿ ಹಸುವಿಗೆ ಹಾಕ್ತಿದ್ದೆ. “ಸುಮಿಗೆ ಹೇಳಬೇಡ, ಅವಳು ಆಸ್ಪತ್ರೆಗೆ ಎಳಕೊಂಡು ಹೋಗ್ತಾಳೆ” ಅಂದರು. ಹೇಳಲಿಲ್ಲ. ಅಮ್ಮನಿಗೆ ಅನುಮಾನ ಬಂದಾಗ 'ಧಾರಣೆ ಪಾರಣೆ ಅಂತ ಹೇಳಿಬಿಡೋಣ ಅಪ್ಪಾ' ಅಂದದ್ದು ನಾನು. ನನ್ನ ಬುದ್ಧಿ ಅದು. ಎಲ್ಲರೂ ನಂಬಿದರು. ಹರಿದಾಸಾಚಾರರದು ಏನು ವೈರಾಗ್ಯ ಅಂತ ಮಠದಲ್ಲಿ ಅಪ್ಪನಿಗೆ ಶಾಲು ಹೊದಿಸಿದರು, ನಾನು ಮುಂದೆ ನಿಂತು ನೋಡಿದೆ.

ನೀನು ಬಂದು ನೋಡಿ ಎತ್ತಿಕೊಂಡು ಹೋಗೋ ಹೊತ್ತಿಗೆ ಕರುಳು ಸತ್ತೇಹೋಗಿತ್ತು. ಎಂಟು ತಿಂಗಳು ಮುಂಚೆ ಬರಬೇಕಿತ್ತು ಅಂತ ಆಗಿನ ಡಾಕ್ಟರು ಹೇಳಿದರು. ನಿನ್ನ ಹತ್ತಿರ ಅಲ್ಲ, ನೀನು ಔಷಧಿ ತರೋಕೆ ಹೋಗಿದ್ದೆ. ನನ್ನ ಹತ್ತಿರ ಹೇಳಿದರು. ನಾನು ಯಾರಿಗೂ ಹೇಳಲಿಲ್ಲ. ಹದಿಮೂರನೇ ದಿನ ಎಲ್ಲರ ಮುಂದೆ ನಿನ್ನ ಹೆಸರು ಹೇಳಿದೆ. ಮೊದಲು ನಾನು ಹೇಳದಿದ್ದರೆ ಯಾರಾದರೂ ನನ್ನ ಹೆಸರು ಹೇಳ್ತಾರೆ ಅಂತ ಭಯ ಆಯ್ತು. ಅಷ್ಟೇ ಕಾರಣ. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಡಾಕ್ಟರ ಹತ್ತಿರ ಹೋಗದೆ ಇದ್ದದ್ದೂ ಅದಕ್ಕೇ. ಹೋದರೆ ಅಪ್ಪನದೇ ಕಾಯಿಲೆ ಅಂತಾರೆ, ಅವರಿಗೆ ಎಷ್ಟು ದಿನದಿಂದ ಇತ್ತು ಅಂತ ಕೇಳ್ತಾರೆ, ನೀನು ಪಕ್ಕದಲ್ಲಿ ನಿಂತಿರ್ತೀಯ.

ನೀನು ಅಪ್ಪನ್ನ ಕೊಲ್ಲಲಿಲ್ಲ. ಸಹಿ ನಾನೇ ಹಾಕಿದೀನಿ.

ಕೌಸಲ್ಯಾ


ಬೆಸೆಂಟ್ ನಗರ
9-9-1998

ಅಕ್ಕಾ,

ಆಸ್ಪತ್ರೆಯಲ್ಲಿ ಇರೋ ತನಕ ಇದನ್ನ ಬರೀಬಾರದು ಅಂತ ಇದ್ದೆ. ಹೊಲಿಗೆ ಬಿಚ್ಚಿ ಮನೆಗೆ ಹೋದೆ, ಎರಡು ಇಡ್ಲಿ ತಿಂದೆ ಅಂತ ಭಾವ ಫೋನ್ ಮಾಡಿದರು. ಹಾಗಾದರೆ ಈಗ ಬೈಸಿಕೊಳ್ಳೋ ಶಕ್ತಿ ಬಂದಿದೆ.

ನಿನ್ನ ಕಾಗದ ನಾನು ಓದೋ ಹೊತ್ತಿಗೆ ನಿನ್ನನ್ನ ಒಳಗೆ ಕರಕೊಂಡು ಹೋಗಿ ಆಗಿತ್ತು. ಎಂಥ ಜಾಣೆ ನೀನು! ಹೇಳೋದು ಹೇಳಿ ಬಾಗಿಲು ಹಾಕಿಕೊಂಡೆ. ನಾಲ್ಕು ಗಂಟೆ ಆ ಬೆಂಚಿನ ಮೇಲೆ ನಾನು ಏನು ಮಾಡಲಿ? ಒಂದು ಗಳಿಗೆ ಕೋಪ ಉಕ್ಕಿ ಎದ್ದು ಮನೆಗೆ ಹೋಗಿಬಿಡೋಣ ಅಂತ ಮೆಟ್ಟಿಲ ತನಕ ಹೋಗ್ತೀನಿ, ಇನ್ನೊಂದು ಗಳಿಗೆ ಇವಳು ಈಚೆಗೆ ಬರದಿದ್ದರೆ ಅಂತ ಓಡಿ ಬಂದು ಕೂರ್ತೀನಿ. ಭಾವ ವಿಷ್ಣುಸಹಸ್ರನಾಮ ಹೇಳ್ತಾ ಅರ್ಧಕ್ಕೆ ಮರೆತು ಮರೆತು ಮೊದಲಿನಿಂದ ಶುರು ಮಾಡ್ತಿದ್ದರು.

ಎರಡೂಮುಕ್ಕಾಲು ಕಿಲೋ ಇತ್ತಂತೆ ನಿನ್ನ ಗುಲ್ಮ. ಕರುಳು ಬಿಡಿಸಿದ ಮೇಲೆ ನೋಡ್ತಾ ನೋಡ್ತಾ ಕೆಂಪಗಾಯ್ತು, ಒಂದು ಇಂಚೂ ಕತ್ತರಿಸಬೇಕಾಗಲಿಲ್ಲ ಅಂತ ಡಾಕ್ಟರಮ್ಮ ನಗ್ತಾ ಬಂದು ಹೇಳಿದರು. ನಾನು ಅವರ ಕೈ ಹಿಡಕೊಂಡು ಅತ್ತೆ. ಆಮೇಲೆ ಮೂರು ದಿನ ಇಡೀ ವಾರ್ಡೇ ನಿನ್ನ ಅಪಾನವಾಯುವಿಗೆ ಕಾದು ಕೂತಿತ್ತು. “ಗ್ಯಾಸ್ ಪೋಚ್ಚಾ, ಗ್ಯಾಸ್ ಪೋಚ್ಚಾ” ಅಂತ ದಿನಕ್ಕೆ ಹತ್ತು ಸಲ ಕೇಳೋರು. ನಾಲ್ಕನೇ ದಿನ ಭಾವ ಬಾಗಿಲಿಂದ ತಲೆ ಹಾಕಿ “ಆಯ್ತು!” ಅಂತ ಕೂಗಿದಾಗ, ಬೆಂಚಿನ ಮೇಲೆ ಕೂತಿದ್ದ ಗೊತ್ತಿಲ್ಲದವರೆಲ್ಲ ನಕ್ಕರು. ನಾನೂ ನಕ್ಕೆ. ನೀನು ಬದುಕಿದ್ದಕ್ಕೆ ನನಗೆ ಆದಷ್ಟು ಸಂತೋಷ ಬೇರೆ ಯಾವುದಕ್ಕೂ ಆಗಿಲ್ಲ.

ಆದರೆ ಆರು ವರ್ಷ ಅಕ್ಕಾ! ಅಪ್ಪನ್ನ ಕೊಂದವಳು ಅಂತಲೇ ಅಮ್ಮ ನನ್ನನ್ನ ನೋಡ್ತಾ ಕಣ್ಣು ಮುಚ್ಚಿದಳು. ಅವಳಿಗಾದರೂ ನಿಜ ಹೇಳಬಹುದಿತ್ತು ನೀನು. ಸಾಯೋಳ ಕಿವಿಯಲ್ಲಿ ಒಂದು ಮಾತು. ಅದನ್ನ ನಾನು ಹೇಗೆ ಮರೀಲಿ? ಮರೆಯೋಕೆ ಆಗಲ್ಲ. ಆಗುತ್ತೆ ಅಂತ ಸುಳ್ಳು ಬರೆಯಲ್ಲ.

ಇದು ಮನೆತನದಲ್ಲಿ ಬರೋ ರಕ್ತದ ಕಾಯಿಲೆ, ಎಲ್ಲರೂ ಟೆಸ್ಟ್ ಮಾಡಿಸಿ ಅಂದಿದ್ದರು. ಮಾಡಿಸಿದೆ. ನನಗಿಲ್ಲ. ಬೃಂದಾಗೂ ಇಲ್ಲ.

ಅಮ್ಮನಿಗೆ ಕೊಟ್ಟ ಮಾತಿಗೆ ಇಷ್ಟು ದಿನ ಬರೆದೆ. ಇನ್ನು ಏಕಾದಶಿ ಕಾಗದ ನನಗೆ ಬೇಡ. ನೀನು ಉಪವಾಸ ಕೂತು ಬರೆದ ಕಾಗದ ಓದೋ ಶಕ್ತಿ ನನಗೆ ಇಲ್ಲ. ಬರೀಬೇಡ.

ಸುಮೇಧಾ


ತ್ರಿಪ್ಲಿಕೇನ್, ಚೆನ್ನೈ
ಆಶ್ವಯುಜ ಶುದ್ಧ ದಶಮಿ

ಸುಮೀ,

ಮಧ್ಯೆ ಒಂದು ಏಕಾದಶಿ ಹೋಯ್ತು. ನೀನು ಬೇಡ ಅಂದೆ, ಬರೆಯಲಿಲ್ಲ. ಪೆನ್ನು ತಗೊಂಡು ಇಟ್ಟೆ, ಮತ್ತೆ ತಗೊಂಡೆ, ಮತ್ತೆ ಇಟ್ಟೆ. ಇವತ್ತು ಏಕಾದಶಿ ಅಲ್ಲ, ಪಂಚಾಂಗ ತೆಗೆದು ನೋಡಿಕೋ.

ಭಾದ್ರಪದದಲ್ಲಿ ಅಪ್ಪನ ಪಕ್ಷದ ಶ್ರಾದ್ಧಕ್ಕೆ ಬಂದವರೆಲ್ಲ ಕೂತಿದ್ದಾಗ ಹೇಳಿದೆ. ನಾಗರತ್ನಮ್ಮ, ಭೀಮಾಬಾಯಿ, ಇವರ ಅಣ್ಣ, ಪುರೋಹಿತರು, ಎಲ್ಲರ ಮುಂದೆ. ಎಲ್ಲಿ ನಿನ್ನ ಹೆಸರು ಹೇಳಿದ್ದೆನೋ ಅಲ್ಲೇ ನಿಂತು ನನ್ನ ಹೆಸರು ಹೇಳಿದೆ. ಅಪ್ಪನದೂ ವ್ರತ ಅಲ್ಲ, ನನ್ನದೂ ವ್ರತ ಅಲ್ಲ, ಸುಮಿ ಯಾರನ್ನೂ ಕೊಲ್ಲಲಿಲ್ಲ ಅಂತ. ನಾಗರತ್ನಮ್ಮ ಈಗ ಕಾಲು ಮುಟ್ಟೋದಿಲ್ಲ, ಮುಖ ಕಂಡರೆ ಸೆರಗು ಸರಿಮಾಡಿಕೊಂಡು ಆಚೆ ಹೋಗ್ತಾಳೆ. ಹೋಗಲಿ. ಇವರು ಎರಡು ದಿನ ಗಡಿಯಾರ ಬಿಚ್ಚಿಕೊಂಡು ಕೂತರು. ಮಠಕ್ಕೆ ಊಟಕ್ಕೆ ಹೋಗಲಿಲ್ಲ. “ನೀನು ತಿನ್ನೋದು ಕಣ್ಣಾರೆ ನೋಡಿದ ಮೇಲೆ ನಾನು ತಿಂತೀನಿ” ಅಂತ ಎದುರಿಗೆ ಕೂತಿರ್ತಾರೆ. ದೊಡ್ಡ ಕಾಟ.

ಅಮ್ಮನಿಗೆ ಹೇಳಲಿಲ್ಲ. ಮರೀಬೇಡ ನೀನು, ಮರೆಯದೇನೇ ಬಾ.

ಉದ್ದ ಬರೆಯೋಕೆ ಪುರುಸೊತ್ತಿಲ್ಲ. ಎರಡು ಒಲೆಯೂ ಉರೀತಿದೆ, ಒಂದರ ಮೇಲೆ ಅನ್ನ, ಒಂದರ ಮೇಲೆ ಬದನೆಕಾಯಿ ಹುಳಿ. ಮಠದ ಹಾದಿಗೆ ಹೊರಟ ತರಕಾರಿ ವ್ಯಾನನ್ನ ಬೀದಿಯಲ್ಲೇ ನಿಲ್ಲಿಸಿ ನಾನೇ ಆರಿಸಿದೆ, ಎಳೇದು. ಇವರು ಈ ಕಾಗದ ನಿನ್ನ ಕೈಗೇ ಕೊಟ್ಟು, ಅದೇ ಆಟೋದಲ್ಲಿ ನಿನ್ನನ್ನ ಕರಕೊಂಡು ಬರ್ತಾರೆ. ಮೆಟ್ಟಿಲ ಕೆಳಗೆ ನಿಂತು ಕೂಗಬೇಡ.

ಹುಳಿ ಕುದೀತು. ಒಳಗೆ ಬಾ.

ಅಕ್ಕ